ಲೈಕ್ ಬರುತ್ತವೆ, ಕೆಲಸ ಬರುವುದಿಲ್ಲ: ದುಡ್ಡು ಕೊಡುವ ಕ್ಲೈಂಟ್‌ಗಾಗಿ ಪೋರ್ಟ್‌ಫೋಲಿಯೊ

ಪ್ರಶ್ನೆ: ನಾಲ್ಕು ವರ್ಷದಿಂದ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಲೋಗೊ, ವೆಬ್‌ಸೈಟ್, ಆಪ್ ಸ್ಕ್ರೀನ್ ಎಲ್ಲವೂ ಬರುತ್ತದೆ. ಡಿಸೈನರುಗಳು ತಮ್ಮ ಕೆಲಸ ತೋರಿಸುವ ತಾಣ ಬಿಹ್ಯಾನ್ಸ್‌ನಲ್ಲಿ 27 ಪ್ರಾಜೆಕ್ಟ್ ಹಾಕಿದ್ದೇನೆ. ಲೈಕ್ ಚೆನ್ನಾಗಿಯೇ ಬರುತ್ತವೆ, ಆದರೆ ದುಡ್ಡು ಕೊಡುವ ಕ್ಲೈಂಟ್ ಬರುವುದಿಲ್ಲ. ಅಪರೂಪಕ್ಕೆ ಬಂದವರೂ 'ಮೊದಲು ಒಂದು ಸ್ಯಾಂಪಲ್ ಫ್ರೀಯಾಗಿ ಮಾಡಿಕೊಡಿ, ನೋಡೋಣ' ಎನ್ನುತ್ತಾರೆ. ನನ್ನ ಒಳ್ಳೆಯ ಕೆಲಸಗಳೆಲ್ಲ ಕಂಪನಿಯಲ್ಲಿದ್ದಾಗ ಮಾಡಿದವು. ಎನ್‌ಡಿಎಗೆ, ಅಂದರೆ ಕೆಲಸದ ವಿವರ ಹೊರಗೆ ಹೇಳುವುದಿಲ್ಲ ಎಂಬ ಒಪ್ಪಂದಕ್ಕೆ, ಸಹಿ ಹಾಕಿದ್ದೇನೆ, ತೋರಿಸುವಂತಿಲ್ಲ. ಪೋರ್ಟ್‌ಫೋಲಿಯೊ, ಅಂದರೆ ನನ್ನ ಕೆಲಸ ತೋರಿಸುವ ಪುಟ, ಹೇಗೆ ಕಟ್ಟಬೇಕು?

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಲೈಕ್ ಒತ್ತಿದವರು ಯಾರು ಅಂತ ಯಾವತ್ತಾದರೂ ನೋಡಿದ್ದೀರಾ? ಒಂದಿಪ್ಪತ್ತು ಪ್ರೊಫೈಲ್ ತೆರೆದು ನೋಡಿ. ಬಹುಪಾಲು ಡಿಸೈನರುಗಳೇ ಸಿಗುತ್ತಾರೆ. ನಿಮ್ಮ ಹಾಗೆಯೇ ಕೆಲಸ ಹುಡುಕುತ್ತಿರುವವರು.

ಇದರಲ್ಲಿ ಅವರ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಇಂಥ ತಾಣಗಳು ಹುಟ್ಟಿದ್ದೇ ಹಾಗೆ. 2009ರಲ್ಲಿ ಇಂಥದೇ ಇನ್ನೊಂದು ತಾಣ ಡ್ರಿಬಲ್ ಶುರುವಾದಾಗ ಅಲ್ಲಿ ಹಾಕುವ ಚಿತ್ರದ ಅಳತೆ 400×300 ಪಿಕ್ಸೆಲ್ ಇತ್ತು. 'ಈಗ ಇದನ್ನು ಮಾಡ್ತಾ ಇದ್ದೀನಿ ನೋಡಿ' ಅಂತ ಒಬ್ಬ ಡಿಸೈನರ್ ಇನ್ನೊಬ್ಬರಿಗೆ ತೋರಿಸುವ ಪುಟ್ಟ ಕಿಟಕಿ ಅದು. ಅಷ್ಟು ಚಿಕ್ಕ ಜಾಗದಲ್ಲಿ ಕಣ್ಣಿಗೆ ಬೀಳುವುದು ಬಣ್ಣ, ನೆರಳು, ಹೊಳಪು. ಆ ಸ್ಕ್ರೀನಿನಿಂದ ಯಾರಿಗೆ ಏನು ಉಪಯೋಗವಾಯಿತು ಎಂದು ಹೇಳಲು ಅಲ್ಲಿ ಜಾಗವೇ ಇಲ್ಲ. ನಾವೆಲ್ಲ ಅದೇ ಅಭ್ಯಾಸವನ್ನು ಪೋರ್ಟ್‌ಫೋಲಿಯೊಗೂ ತಂದುಕೊಂಡೆವು.

ದುಡ್ಡು ಕೊಡುವವರ ತಲೆಯಲ್ಲಿ ಓಡುವುದು ಬೇರೆಯೇ. ಸಣ್ಣ ಕಂಪನಿ ನಡೆಸುವ ಒಬ್ಬರು ನಿಮ್ಮ ಪುಟ ತೆರೆದಾಗ 'ಎಷ್ಟು ಚೆನ್ನಾಗಿದೆ' ಎಂದುಕೊಳ್ಳಬಹುದು. ಮರುಕ್ಷಣವೇ ಹೆದರಿಕೆ ಶುರುವಾಗುತ್ತದೆ. ಕೊಟ್ಟ ಹಣ ನೀರಿನಲ್ಲಿ ಹೋಮ ಮಾಡಿದ ಹಾಗೆ ಆಗುತ್ತದಾ? ಅರ್ಧಕ್ಕೆ ಬಿಟ್ಟು ಹೋಗುತ್ತಾರಾ? ಹೊಸ ಡಿಸೈನ್ ನೋಡಿ ಇರುವ ಗಿರಾಕಿಗಳೂ ದೂರವಾದರೆ?

ಇದು ಸುಮ್ನೆ ಹುಟ್ಟಿದ ಹೆದರಿಕೆಯಲ್ಲ. 2009ರಲ್ಲಿ ಟ್ರಾಪಿಕಾನಾ ತನ್ನ ಕಿತ್ತಳೆ ರಸದ ಪ್ಯಾಕೆಟ್ಟನ್ನು ಅಮೆರಿಕದಲ್ಲಿ ಹೊಸದಾಗಿ ಡಿಸೈನ್ ಮಾಡಿಸಿತು. ಹಣ್ಣಿಗೆ ಸ್ಟ್ರಾ ಚುಚ್ಚಿದ ಹಳೆಯ ಚಿತ್ರ ಹೋಗಿ, ನೋಡಲು ಅಚ್ಚುಕಟ್ಟಾದ ಹೊಸ ಪ್ಯಾಕೆಟ್ ಬಂತು. ಅಂಗಡಿಯ ಕಪಾಟಿನ ಮುಂದೆ ನಿಂತ ಗಿರಾಕಿಗಳಿಗೆ ತಾವು ದಿನಾ ಕೊಳ್ಳುವುದು ಯಾವುದೆಂದೇ ಗುರುತು ಸಿಗಲಿಲ್ಲ. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ. 20ರಷ್ಟು ಬಿದ್ದು, ಕಂಪನಿ ಹಳೆಯ ಪ್ಯಾಕೆಟ್ಟಿಗೇ ಮರಳಿತು. ಅಷ್ಟು ದೊಡ್ಡವರಿಗೇ ಹೀಗಾದರೆ ಸಣ್ಣವರು ಹೆದರದೆ ಇರುತ್ತಾರಾ? ನಿಮ್ಮನ್ನು ಫ್ರೀ ಸ್ಯಾಂಪಲ್ ಕೇಳಿದವರೆಲ್ಲ ಜಿಪುಣರಲ್ಲ. ನಿಮ್ಮ ಪುಟ ನೋಡಿದ ಮೇಲೂ ಅನುಮಾನ ತೀರಲಿಲ್ಲ ಅಂದರೆ, ಅದನ್ನು ತೀರಿಸಿಕೊಳ್ಳಲು ಅವರಿಗೆ ಬೇರೆ ದಾರಿ ಕಾಣುವುದಿಲ್ಲ.

ಆದ್ದರಿಂದ ನೀವು ಕಟ್ಟಬೇಕಾದದ್ದು ಆ ಅನುಮಾನಗಳಿಗೆ ಉತ್ತರ ಕೊಡುವ ಪೋರ್ಟ್‌ಫೋಲಿಯೊ.

ಶುರು ಮಾಡುವ ಮುಂಚೆ ಒಂದು ಗೊಂದಲ ಬಿಡಿಸಿಬಿಡೋಣ. ಪೋರ್ಟ್‌ಫೋಲಿಯೊ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ನೌಕರಿ ಹುಡುಕುವವರಿಗೆ ಬರೆದವು. ಅಲ್ಲಿ ನಿಮ್ಮ ಪುಟ ನೋಡುವವರು ಇನ್ನೊಬ್ಬ ಹಿರಿಯ ಡಿಸೈನರ್. ಅವರಿಗೆ ನೀವು ಹೇಗೆ ಯೋಚಿಸುತ್ತೀರಿ ಎಂಬುದು ಬೇಕು. ಗೋಡೆಗೆ ಅಂಟಿಸಿದ ಹಳದಿ ಚೀಟಿಗಳ ಫೋಟೊ, ಪರ್ಸೋನಾ (ಬಳಸುವವರ ಕಲ್ಪಿತ ಪರಿಚಯ), ಡಬಲ್ ಡೈಮಂಡ್ (ಡಿಸೈನ್ ಹಂತಗಳನ್ನು ಎರಡು ವಜ್ರದ ಆಕಾರದಲ್ಲಿ ತೋರಿಸುವ) ಚಿತ್ರ ಎಲ್ಲಕ್ಕೂ ಅಲ್ಲಿ ಒಂದು ಅರ್ಥ ಇದೆ. ನೇರವಾಗಿ ಕೆಲಸ ಕೊಡುವ ಕ್ಲೈಂಟ್‌ಗೆ ಇದ್ಯಾವುದೂ ಬೇಡ. ಅವರು ಹಳದಿ ಚೀಟಿ ನೋಡಿ 'ಇದಕ್ಕೂ ನಾನೇ ದುಡ್ಡು ಕೊಡಬೇಕಾ' ಎಂದು ಲೆಕ್ಕ ಹಾಕುತ್ತಾರೆ. ನಿಮಗೆ ನೌಕರಿಯೂ ಬೇಕು, ಕ್ಲೈಂಟ್ ಕೂಡ ಬೇಕು ಅಂದರೆ ಎರಡು ಬೇರೆ ಪುಟ ಮಾಡಿ. ಒಂದರಲ್ಲೇ ಇಬ್ಬರನ್ನೂ ಮೆಚ್ಚಿಸಲು ಆಗುವುದಿಲ್ಲ.

ಈಗ ಆ 27ಕ್ಕೆ ಬರೋಣ. ಅಷ್ಟನ್ನೂ ಯಾರೂ ನೋಡುವುದಿಲ್ಲ. ನೋಡುವುದು ಎರಡೋ ಮೂರೋ. ಯಾವ ಎರಡು ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಅಲ್ಲಿದೆ ಅಪಾಯ. ಕಾಲೇಜಿನಲ್ಲಿ ಮಾಡಿದ ಪೋಸ್ಟರ್ ಮೇಲೆ ಅವರ ಬೆರಳು ಬಿತ್ತು ಅಂದರೆ ಉಳಿದದ್ದೆಲ್ಲ ಅದರ ಮಟ್ಟಕ್ಕೇ ಇಳಿಯುತ್ತದೆ. ಎಲ್ಲ ಬಣ್ಣ ಮಸಿ ನುಂಗಿತು ಅಂತಾರಲ್ಲ, ಹಾಗೆ. ನಾಲ್ಕನ್ನು ಉಳಿಸಿಕೊಳ್ಳಿ. ತೀರಾ ಅಂದರೆ ಐದು.

ಯಾವ ನಾಲ್ಕು? ಚೆನ್ನಾಗಿ ಬಂದವು ಅಂತ ಆರಿಸಬೇಡಿ. ಮುಂದೆ ಯಾವ ಥರದ ಕೆಲಸ ಬೇಕೋ ಆ ಥರದವನ್ನು ಆರಿಸಿ. ಈ ಪಾಠ ನಾನು ಕಲಿತದ್ದು ಟಿ-ಶರ್ಟ್‌ನಿಂದ. ನನ್ನ ಮೊದಲ ಪೋರ್ಟ್‌ಫೋಲಿಯೊದಲ್ಲಿ ಸುಮ್ನೆ ಖುಷಿಗೆ ಮಾಡಿದ ಒಂದು ಟಿ-ಶರ್ಟ್ ಪ್ರಿಂಟ್ ಹಾಕಿದ್ದೆ. ನನಗೆ ಬೇಕಾಗಿದ್ದದ್ದು ವೆಬ್‌ಸೈಟ್ ಕೆಲಸ. ಎರಡು ವರ್ಷ ಬಂದ ಮೇಲ್‌ಗಳಲ್ಲಿ ಜಾಸ್ತಿ ಇದ್ದದ್ದು ಟಿ-ಶರ್ಟ್ ಕೇಳುವವರದು. ಅದನ್ನು ತೆಗೆದುಹಾಕಲು ನನಗೆ ಮನಸ್ಸೇ ಬರುತ್ತಿರಲಿಲ್ಲ, ಯಾಕೆಂದರೆ ಎಲ್ಲರೂ ಹೊಗಳುತ್ತಿದ್ದದ್ದು ಅದನ್ನೇ. ಕೊನೆಗೆ ತೆಗೆದೆ. ಆ ಮೇಲ್‌ಗಳು ನಿಂತವು, ನಾನೂ ನಿಟ್ಟುಸಿರು ಬಿಟ್ಟೆ.

ಮೊದಲ ಪುಟದ ಮೊದಲ ಸಾಲಿಗೂ ಇದೇ ಮಾತು. 'ಹಲೋ, ನಾನು ಪಿಕ್ಸೆಲ್‌ಗಳ ಪ್ರೇಮಿ' ಅಂದರೆ ಓದುವವರಿಗೆ ಏನು ಗೊತ್ತಾಯಿತು? 'ಕ್ಲಿನಿಕ್‌ಗಳಿಗೆ ಮತ್ತು ಲ್ಯಾಬ್‌ಗಳಿಗೆ ಬುಕಿಂಗ್ ವೆಬ್‌ಸೈಟ್ ಡಿಸೈನ್ ಮಾಡುತ್ತೇನೆ' ಅಂದರೆ ಆ ಊರಿನ ಡಾಕ್ಟರಿಗೆ ತಕ್ಷಣ ಗೊತ್ತಾಗುತ್ತದೆ, ಇವರು ನನ್ನವರು ಅಂತ. ಹೀಗೆ ಕಿರಿದು ಮಾಡಿದರೆ ಬೇರೆ ಕೆಲಸ ಕೈತಪ್ಪುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಪುಟದಲ್ಲಿ ಮಾತ್ರ ಕಿರಿದು ಮಾಡಿ. ಬೇರೆ ಕೆಲಸ ಮನೆಬಾಗಿಲಿಗೆ ಬಂದರೆ ಬೇಡ ಅನ್ನಬೇಕಿಲ್ಲವಲ್ಲ.

ಇನ್ನು ಪ್ರತಿ ಪ್ರಾಜೆಕ್ಟಿನ ಪುಟ. ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ.

ಸಾಮಾನ್ಯವಾಗಿ ಕಾಣಸಿಗುವ ಬರಹ ಹೀಗಿರುತ್ತದೆ: 'ಈ ಪ್ರಾಜೆಕ್ಟ್‌ನಲ್ಲಿ ಆಧುನಿಕ ಹಾಗೂ ಮಿನಿಮಲ್ ಶೈಲಿಯನ್ನು ಬಳಸಿ ಬಳಕೆದಾರಸ್ನೇಹಿ ಅನುಭವವನ್ನು ರೂಪಿಸಲಾಗಿದೆ.' ಇದನ್ನು ಯಾವ ಪ್ರಾಜೆಕ್ಟಿನ ಕೆಳಗೆ ಬೇಕಾದರೂ ಅಂಟಿಸಬಹುದು. ಅಂದರೆ ಇದು ಏನನ್ನೂ ಹೇಳುತ್ತಿಲ್ಲ.

ಅದೇ ಕೆಲಸವನ್ನು ಹೀಗೆ ಹೇಳಿ ನೋಡಿ: 'ಹಲ್ಲಿನ ಕ್ಲಿನಿಕ್ ಒಂದರಲ್ಲಿ ಆನ್‌ಲೈನ್ ಬುಕಿಂಗ್ ಇತ್ತು. ಆದರೂ ಜನ ಫೋನ್ ಮಾಡುತ್ತಿದ್ದರು. ರಿಸೆಪ್ಷನ್‌ನಲ್ಲಿದ್ದ ಒಬ್ಬರೇ ಬಂದವರನ್ನೂ ನೋಡಬೇಕು, ಫೋನನ್ನೂ ಎತ್ತಬೇಕು. ಫಾರ್ಮ್‌ನಲ್ಲಿ 11 ಪ್ರಶ್ನೆಗಳಿದ್ದವು. ಕ್ಲಿನಿಕ್ಕಿನವರ ಜೊತೆ ಕೂತು ಒಂದೊಂದನ್ನೇ ಕೇಳಿದೆ: ಇದು ಬುಕಿಂಗ್‌ಗೆ ಬೇಕೇ ಬೇಕಾ, ಬಂದ ಮೇಲೆ ಕೇಳಿದರೆ ಸಾಲದಾ? ನಾಲ್ಕು ಪ್ರಶ್ನೆ ಉಳಿದವು. ಸಮಯ ಆರಿಸುವುದನ್ನು ಮೊದಲಿಗೆ ತಂದೆ. ಜನ ಬರುವುದೇ ಅದಕ್ಕಾಗಿ.' ಇದು ನಾನು ಕಟ್ಟಿದ ಉದಾಹರಣೆ. ಆದರೆ ವ್ಯತ್ಯಾಸ ಕಾಣುತ್ತದೆ ಅಲ್ವಾ? ಇಲ್ಲಿ ಒಂದು ತೊಂದರೆ ಇದೆ, ತೊಂದರೆಗೆ ಕಾರಣ ಇದೆ, ನೀವು ಮಾಡಿದ ಆಯ್ಕೆ ಇದೆ, ಅದನ್ನು ಯಾಕೆ ಮಾಡಿದಿರಿ ಎಂಬುದೂ ಇದೆ. ಇನ್ನೊಂದು ಕ್ಲಿನಿಕ್ ನಡೆಸುವವರು ಇದನ್ನು ಓದಿ 'ನಮ್ಮಲ್ಲೂ ಹಿಂಗೇ' ಎಂದುಕೊಳ್ಳುತ್ತಾರೆ. ಆ ಮಾತು ಅವರ ಬಾಯಿಂದ ಬಂದರೆ ಅರ್ಧ ಕೆಲಸ ಆದಂತೆ.

ಹಾಗಂತ ಉದ್ದುದ್ದ ಬರೆಯಬೇಡಿ. ಮುನ್ನೂರು, ನಾನೂರು ಪದ ಸಾಕು. ಹತ್ತು ನಿರ್ಧಾರ ತೆಗೆದುಕೊಂಡಿದ್ದರೂ ಮುಖ್ಯವಾದ ಎರಡನ್ನು ಹೇಳಿ. ಕೈಬಿಟ್ಟ ಒಂದು ದಾರಿಯನ್ನೂ ತೋರಿಸಿ: 'ಮೊದಲು ಹೀಗೆ ಮಾಡಿದ್ದೆ, ಈ ಕಾರಣಕ್ಕೆ ಬಿಟ್ಟೆ.' ತನ್ನ ಕೆಲಸವನ್ನು ತಾನೇ ತಿದ್ದಿಕೊಳ್ಳುವವರ ಮೇಲೆ ಜನಕ್ಕೆ ನಂಬಿಕೆ ಬರುತ್ತದೆ.

ಕಾರಣ ವಿವರಿಸುವುದರ ಬೆಲೆ ಏನು ಅನ್ನುವುದಕ್ಕೆ ಪಾಲ್ ರ್‍ಯಾಂಡ್ ಅವರ ಕಥೆ ಇದೆ. ಐಬಿಎಂ ಲೋಗೊ ಮಾಡಿದವರು. 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ಹೊಸ ಕಂಪನಿ ನೆಕ್ಸ್ಟ್‌ಗೆ ಲೋಗೊ ಕೇಳಿದರು. ಕೆಲವು ಆಯ್ಕೆಗಳನ್ನು ಕೊಡಿ ಎಂದರು. ರ್‍ಯಾಂಡ್ ಒಪ್ಪಲಿಲ್ಲ. ಒಂದೇ ಪರಿಹಾರ ಕೊಡುತ್ತೇನೆ, ಬಳಸುವುದು ಬಿಡುವುದು ನಿಮಗೆ ಬಿಟ್ಟದ್ದು, ದುಡ್ಡು ಮಾತ್ರ ಕೊಡಬೇಕು ಎಂಬುದು ಅವರ ನಿಲುವು. ತೆಗೆದುಕೊಂಡದ್ದು 1 ಲಕ್ಷ ಡಾಲರ್. ನಮಗೆಲ್ಲ ನೆನಪಿರುವುದು ಆ ಮೊತ್ತ ಮತ್ತು ಆ ಗತ್ತು. ನನಗೆ ಮುಖ್ಯ ಅನ್ನಿಸುವುದು ಅವರು ಲೋಗೊ ಜೊತೆ ಕೊಟ್ಟ ಪುಸ್ತಿಕೆ. ಹೆಸರಿನ ಅಕ್ಷರಗಳನ್ನು ಯಾಕೆ ಹೀಗೆ ಬರೆದೆ, ಎರಡು ಸಾಲಾಗಿ ಯಾಕೆ ಒಡೆದೆ, ಕಪ್ಪು ಘನದೊಳಗೆ ಯಾಕೆ ಇಟ್ಟೆ ಎಂದು ಹಂತ ಹಂತವಾಗಿ ತೋರಿಸುತ್ತಾ ಹೋಗುವ ಪುಸ್ತಿಕೆ ಅದು. ಪುಟ ತಿರುವುತ್ತಾ ಕೊನೆಗೆ ಬರುವ ಹೊತ್ತಿಗೆ ಬೇರೆ ಆಯ್ಕೆ ಬೇಕು ಅನ್ನಿಸುವುದಿಲ್ಲ. ನಿಮ್ಮ ಪ್ರಾಜೆಕ್ಟ್ ಪುಟ ಮಾಡಬೇಕಾದ ಕೆಲಸವೂ ಅದೇ. ಗತ್ತು ಆಮೇಲೆ ನೋಡಿಕೊಳ್ಳೋಣ.

'ಕೆಲಸದಿಂದ ಏನಾಯಿತು ಅಂತ ಹೇಳಲು ನನ್ನ ಹತ್ತಿರ ಅಂಕಿ-ಅಂಶ ಇಲ್ಲವಲ್ಲ' ಅನ್ನುತ್ತೀರಿ. ಇರುವುದಿಲ್ಲ, ಯಾಕೆಂದರೆ ನಾವು ಫೈಲ್ ಕಳಿಸಿ ಕೈ ತೊಳೆದುಕೊಳ್ಳುತ್ತೇವೆ. ಕೆಲಸ ಮುಗಿದು ಎರಡು ಮೂರು ತಿಂಗಳಾದ ಮೇಲೆ ಹಳೆಯ ಕ್ಲೈಂಟ್‌ಗೆ ಒಂದು ಫೋನ್ ಮಾಡಿ. ಈಗ ಏನು ಬದಲಾಗಿದೆ ಅಂತ ಕೇಳಿ. 'ಫೋನ್ ಕಮ್ಮಿ ಆಗಿದೆ' ಅಂದರೆ ಅದನ್ನೇ ಅವರ ಮಾತಿನಲ್ಲಿ, ಅವರ ಒಪ್ಪಿಗೆ ಪಡೆದು ಹಾಕಿ. ಎಷ್ಟು ಶೇಕಡಾ ಅಂತ ನೀವೇ ಊಹಿಸಿ ಬರೆಯಬೇಡಿ. ಯಾರೋ ಒಬ್ಬರು ಅದನ್ನು ಹೇಗೆ ಅಳೆದಿರಿ ಅಂತ ಕೇಳುತ್ತಾರೆ, ಅಲ್ಲಿಗೆ ಮುಗಿಯಿತು.

ಹೊಗಳಿಕೆ ಮಾತು ಕೇಳುವುದಕ್ಕೂ ಒಂದು ರೀತಿ ಇದೆ. 'ಒಂದು ಟೆಸ್ಟಿಮೋನಿಯಲ್ ಬರೆದುಕೊಡಿ' ಅಂದರೆ 'ತುಂಬಾ ಒಳ್ಳೆಯ ಕೆಲಸ, ಶುಭವಾಗಲಿ' ಅಂತ ಬರುತ್ತದೆ. ಅದರ ಬದಲು 'ನನಗೆ ಕೆಲಸ ಕೊಡುವ ಮುಂಚೆ ನಿಮಗೆ ಯಾವ ಅನುಮಾನ ಇತ್ತು?' ಎಂದು ಕೇಳಿ. 'ಇವರು ಸಮಯಕ್ಕೆ ಕೊಡುತ್ತಾರೋ ಇಲ್ಲವೋ ಅಂತ ಹೆದರಿದ್ದೆ, ಆದರೆ ಪ್ರತಿ ಶುಕ್ರವಾರ ಏನಾದರೂ ತೋರಿಸುತ್ತಿದ್ದರು' ಎಂಬಂಥ ಉತ್ತರ ಬರುತ್ತದೆ. ಮುಂದಿನ ಕ್ಲೈಂಟ್‌ಗೂ ಅದೇ ಅನುಮಾನ. ಉತ್ತರ ಕೊಡುವವರು ಮಾತ್ರ ನೀವಲ್ಲ, ಅವರಂಥವರೇ ಇನ್ನೊಬ್ಬರು.

ತಂಡದಲ್ಲಿ ಮಾಡಿದ ಕೆಲಸವಾದರೆ ಯಾವುದು ನಿಮ್ಮದು, ಯಾವುದು ಅಲ್ಲ ಎಂದು ಒಂದು ಸಾಲಿನಲ್ಲಿ ಬರೆಯಿರಿ. ಎಐ ಬಳಸಿ ಮಾಡಿದ ಚಿತ್ರವಿದ್ದರೆ ಅದನ್ನೂ ಹೇಳಿ. ಡಿಸೈನ್ ಲೋಕ ಚಿಕ್ಕದು.

ಚಿತ್ರಗಳ ಬಗ್ಗೆ ಒಂದೇ ಮಾತು. ಗಾಳಿಯಲ್ಲಿ ಓರೆಯಾಗಿ ತೇಲುವ ಫೋನಿನ ಮಾಕಪ್ (ಡಿಸೈನ್ ಕೂರಿಸಿದ ಕೃತಕ ಚಿತ್ರ) ನನಗೆ ಸಾಕಾಗಿಹೋಗಿದೆ. ಅದರೊಳಗಿನ ಅಕ್ಷರ ಓದಲು ಬರುವುದಿಲ್ಲ. ಸ್ಕ್ರೀನನ್ನು ನೇರವಾಗಿ, ದೊಡ್ಡದಾಗಿ, ನಿಜವಾದ ಬರಹದೊಂದಿಗೆ ತೋರಿಸಿ. ಲೇಬಲ್ ಆದರೆ ಅಚ್ಚಾಗಿ ಬಾಟಲಿಗೆ ಅಂಟಿಸಿದ ಫೋಟೊ ತೆಗೆಯಿರಿ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬ ಎರಡು ಚಿತ್ರ ಪಕ್ಕಪಕ್ಕ ಇದ್ದರೆ ಡಿಸೈನ್ ಗೊತ್ತಿಲ್ಲದವರಿಗೂ ತಿಳಿಯುತ್ತದೆ.

ಎನ್‌ಡಿಎ ವಿಷಯ. ಮೊದಲು ಆ ಕಾಗದವನ್ನು ಮತ್ತೊಮ್ಮೆ ಓದಿ. ಎಷ್ಟು ಕಾಲದವರೆಗೆ, ಯಾವುದರ ಬಗ್ಗೆ ಎಂಬುದು ಅದರಲ್ಲೇ ಇರುತ್ತದೆ. ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಕಟ್ಟಿಹಾಕಿರಬಹುದು. ಈಗಾಗಲೇ ಜನರ ಕೈಯಲ್ಲಿರುವ ಆಪ್ ಆದರೆ 'ಹೊರಗೆ ಕಾಣುವ ಸ್ಕ್ರೀನ್‌ಗಳನ್ನಷ್ಟೇ ತೋರಿಸಬಹುದಾ' ಎಂದು ಹಳೆಯ ಕಂಪನಿಗೆ ಬರೆದು ಕೇಳಿ. ಒಪ್ಪಿಗೆಯೂ ಬರಹದಲ್ಲೇ ಇರಲಿ. ಒಪ್ಪದಿದ್ದರೆ, ಇಂಥ ಕೆಲಸ ಮಾಡಿದ್ದೇನೆ ಎಂದು ಹೆಸರಿಲ್ಲದೆ ಹೇಳಲು ಅವಕಾಶ ಇದೆಯಾ ನೋಡಿ. ಅದೂ ಇಲ್ಲ ಅಂದರೆ ಬಿಟ್ಟುಬಿಡಿ. ಹೆಸರಿನ ಮೇಲೆ ಮಸುಕು ಬಳಿದು ಕದ್ದು ತೋರಿಸುವುದು ಬೇಡ. ಎದುರಿಗಿರುವ ಕ್ಲೈಂಟ್ 'ನಾಳೆ ನನ್ನದನ್ನೂ ಹೀಗೇ ತೋರಿಸುತ್ತಾರೆ' ಎಂದುಕೊಳ್ಳುತ್ತಾರೆ. ಮುಂದಿನ ಒಪ್ಪಂದಗಳಲ್ಲಾದರೂ 'ಕೆಲಸ ಹೊರಬಂದ ಮೇಲೆ ನನ್ನ ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದು' ಎಂಬ ಸಾಲನ್ನು ಮೊದಲೇ ಸೇರಿಸಿ.

ಹಾಗಾದರೆ ನಾಲ್ಕು ಪ್ರಾಜೆಕ್ಟ್ ಎಲ್ಲಿಂದ ತರುವುದು? ಕೈಯಲ್ಲಿ ಎರಡಿದ್ದರೆ ಉಳಿದೆರಡನ್ನು ನೀವೇ ಹುಟ್ಟಿಸಿಕೊಳ್ಳಬೇಕು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ದೊಡ್ಡ ಕಂಪನಿಯ ಆಪ್ ತೆಗೆದುಕೊಂಡು ಅದಕ್ಕೆ ಹೊಸ ಬಣ್ಣ ಬಳಿಯುತ್ತಾರೆ. ಆ ಕಂಪನಿಯ ಕಷ್ಟ, ಕಟ್ಟುಪಾಡು ಯಾವುದೂ ಗೊತ್ತಿಲ್ಲದೆ ಮಾಡಿದ ಕೆಲಸ ಅದು. ನೋಡಿದವರಿಗೆ ಗೊತ್ತಾಗಿಬಿಡುತ್ತದೆ.

ಯಾರೂ ಕೇಳದೆ ಮಾಡಿದ ಕೆಲಸ ಹೇಗಿರಬೇಕು ಅಂದರೆ ಹ್ಯಾರಿ ಬೆಕ್ ಮಾಡಿದ ಹಾಗಿರಬೇಕು. ಲಂಡನ್ನಿನ ಅಂಡರ್‌ಗ್ರೌಂಡ್ ರೈಲಿಗೆ ಎಂಜಿನಿಯರಿಂಗ್ ಡ್ರಾಯಿಂಗ್ ಬರೆಯುವ ಕೆಲಸದವರಾಗಿದ್ದರು ಬೆಕ್. ಪ್ರಯಾಣಿಕರಿಗೆ ಕೊಡುತ್ತಿದ್ದ ಆಗಿನ ನಕ್ಷೆಯಲ್ಲಿ ನಿಲ್ದಾಣಗಳು ಹೆಚ್ಚುಕಮ್ಮಿ ಭೂಮಿಯ ಮೇಲೆ ಎಲ್ಲಿವೆಯೋ ಅಲ್ಲೇ ಇರುತ್ತಿದ್ದವು. ಊರ ನಡುವೆ ಎಲ್ಲ ಕಿಕ್ಕಿರಿದು ಓದಲು ಆಗುತ್ತಿರಲಿಲ್ಲ. ರೈಲಿನಲ್ಲಿ ಕೂತವರಿಗೆ ಮೇಲೆ ರಸ್ತೆ ಹೇಗೆ ತಿರುಗಿದರೆ ಏನು, ಎಲ್ಲಿ ಇಳಿಯಬೇಕು, ಎಲ್ಲಿ ಬದಲಿಸಬೇಕು ಅಷ್ಟೇ ತಾನೇ ಬೇಕು? 1931ರಲ್ಲಿ ಬಿಡುವಿನ ಸಮಯದಲ್ಲಿ ಅವರು ಅಡ್ಡ, ನೆಟ್ಟಗೆ ಮತ್ತು 45 ಡಿಗ್ರಿ ಓರೆ ಗೆರೆಗಳಲ್ಲಷ್ಟೇ ಹೊಸ ನಕ್ಷೆ ಬರೆದರು. ಮೊದಲು ರೈಲು ಸಂಸ್ಥೆಯವರು ಅದನ್ನು ತಿರಸ್ಕರಿಸಿದರು. 1933ರಲ್ಲಿ ಜನರ ಕೈಗೆ ಕೊಟ್ಟಾಗ ಜನ ಒಪ್ಪಿಕೊಂಡರು. ಇವತ್ತಿಗೂ ಲೋಕದ ಎಷ್ಟೋ ಮೆಟ್ರೊ ನಕ್ಷೆಗಳು ಅದೇ ದಾರಿಯಲ್ಲಿವೆ. ಬೆಕ್ ಅವರಿಗೆ ಆ ಕೆಲಸ ಒಳಗಿನಿಂದ ಗೊತ್ತಿತ್ತು. ತೊಂದರೆ ನಿಜವಾದದ್ದು, ಬಳಸುವವರು ಕಣ್ಣೆದುರೇ ಇದ್ದರು. ಅವರಿಗೆ ಸಿಕ್ಕ ಹಣ ಮಾತ್ರ ತೀರಾ ಕಡಿಮೆ. ಆ ಒಂದು ವಿಷಯದಲ್ಲಿ ಅವರನ್ನು ಅನುಸರಿಸಬೇಡಿ.

ನೀವೂ ಹತ್ತಿರದಿಂದ ಬಲ್ಲ ಒಂದು ತೊಂದರೆಯನ್ನು ಹಿಡಿಯಿರಿ. ಪರಿಚಯದವರ ಒಂದು ಸಣ್ಣ ವ್ಯವಹಾರ, ನೀವೇ ಹೋಗುವ ಗ್ರಂಥಾಲಯದ ಫಾರ್ಮ್, ಯಾವುದಾದರೂ ಆಗಬಹುದು. ಐದು ಜನ ಅದನ್ನು ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಿ. ಎಲ್ಲಿ ತಡವರಿಸುತ್ತಾರೆ ಬರೆದುಕೊಳ್ಳಿ. ತಿದ್ದಿ, ಮತ್ತೆ ಐದು ಜನಕ್ಕೆ ಕೊಡಿ. ಪುಟದ ಮೇಲೆ 'ಇದು ನಾನೇ ಕೈಗೆತ್ತಿಕೊಂಡ ಕೆಲಸ, ಕ್ಲೈಂಟ್ ಇಲ್ಲ' ಎಂದು ಸ್ಪಷ್ಟವಾಗಿ ಬರೆಯಿರಿ. ಅದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ.

ಸೈಟ್ ಯಾವುದರಲ್ಲಿ ಕಟ್ಟಬೇಕು ಅಂತ ವಾರಗಟ್ಟಲೆ ಯೋಚಿಸಬೇಡಿ. ಯಾವುದಾದರೂ ಸರಿ, ನಿಮ್ಮದೇ ಡೊಮೇನ್ ಇರಲಿ. ಬಿಹ್ಯಾನ್ಸ್ ಹಾಗೇ ಇದ್ದುಕೊಂಡಿರಲಿ. ಬೇಗ ತೆರೆಯಬೇಕು: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಹತ್ತು ಎಂಬಿ ಚಿತ್ರಗಳನ್ನು ಹಾಗೇ ಏರಿಸಿದರೆ ಇದು ಆಗುವ ಮಾತಲ್ಲ. ತಿಳಿ ಬೂದು ಬಣ್ಣದ ಸಣ್ಣ ಅಕ್ಷರದ ಚಪಲವನ್ನೂ ಬಿಡಿ. ಅಕ್ಷರಕ್ಕೂ ಹಿನ್ನೆಲೆಗೂ ಕಡೇಪಕ್ಷ 4.5:1 ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸ) ಇರಬೇಕು ಎಂದು, ವೆಬ್‌ಸೈಟ್ ಎಲ್ಲರೂ ಬಳಸುವಂತಿರಲು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. ಕ್ಲೈಂಟ್ ನಿಮ್ಮ ಪುಟವನ್ನು ತೆರೆಯುವುದು ನಿಮ್ಮ ದೊಡ್ಡ ಮಾನಿಟರಿನಲ್ಲಲ್ಲ, ಬಿಸಿಲಿನಲ್ಲಿ ನಿಂತು ಫೋನಿನಲ್ಲಿ.

ಸಂಪರ್ಕದ ಫಾರ್ಮ್ ಹಾಕಿದರೆ ನೀವೇ ಒಂದು ಮೆಸೇಜ್ ಕಳಿಸಿ ನೋಡಿ. ನಗಬೇಡಿ. ನನ್ನ ಫಾರ್ಮ್ ಮೂರು ತಿಂಗಳು ಎಲ್ಲ ಮೆಸೇಜನ್ನೂ ಸ್ಪ್ಯಾಮ್‌ಗೆ ತಳ್ಳುತ್ತಿತ್ತು. ಕೆಲಸವೇ ಬರುತ್ತಿಲ್ಲ ಅಂತ ಕೊರಗುತ್ತಾ ಕೂತಿದ್ದೆ. ನೋಡಿದರೆ ಆರು ಜನ ಬರೆದಿದ್ದರು. ಆರರಲ್ಲಿ ಐವರು ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟಾಗಿತ್ತು. ಈಗ ಫಾರ್ಮ್ ಪಕ್ಕದಲ್ಲೇ ಇಮೇಲ್ ವಿಳಾಸವನ್ನೂ ಹಾಕಿದ್ದೇನೆ.

ಇಷ್ಟು ಮಾಡಿ ಕಾಯುತ್ತಾ ಕೂತರೆ ಯಾರೂ ಬರುವುದಿಲ್ಲ. ನನಗೆ ಬಂದ ಕೆಲಸಗಳಲ್ಲಿ ಜಾಸ್ತಿ ಪಾಲು ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದದ್ದು. ಪೋರ್ಟ್‌ಫೋಲಿಯೊ ಮಾಡಿದ ಕೆಲಸ, ಹಾಗೆ ಬಂದವರ ಅನುಮಾನ ತೀರಿಸಿದ್ದು. ನೀವೇ ಹೋಗಿ ಯಾರಿಗಾದರೂ ಬರೆಯುವಾಗಲೂ ಇಡೀ ಸೈಟಿನ ಲಿಂಕ್ ಕಳಿಸಬೇಡಿ. ಅವರ ವ್ಯವಹಾರಕ್ಕೆ ಹತ್ತಿರವಾದ ಒಂದೇ ಪ್ರಾಜೆಕ್ಟಿನ ಲಿಂಕ್ ಕಳಿಸಿ, ಯಾಕೆ ಕಳಿಸುತ್ತಿದ್ದೀರಿ ಅಂತ ಎರಡು ಸಾಲು ಬರೆಯಿರಿ. ಆದ್ದರಿಂದ ಪ್ರತಿ ಪ್ರಾಜೆಕ್ಟ್ ಪುಟದ ಕೊನೆಯಲ್ಲೂ ನಿಮ್ಮನ್ನು ಸಂಪರ್ಕಿಸುವ ದಾರಿ ಇರಲಿ.

ಕೊನೆಗೆ ಆ ಫ್ರೀ ಸ್ಯಾಂಪಲ್. ಸೈಟಿನಲ್ಲಿ ಒಂದು ಪುಟ್ಟ ಪುಟ ಮಾಡಿ: ಕೆಲಸ ಹೇಗೆ ನಡೆಯುತ್ತದೆ, ಎಷ್ಟು ವಾರ ಹಿಡಿಯುತ್ತದೆ, ಎಷ್ಟು ಸಲ ತಿದ್ದಿಕೊಡುತ್ತೀರಿ, ಮುಂಗಡ ಎಷ್ಟು, ಕೆಲಸದ ಬೆಲೆ ಎಲ್ಲಿಂದ ಶುರು. ಬೆಲೆ ಬರೆದರೆ ಜನ ಓಡಿಹೋಗುತ್ತಾರೆ ಅನ್ನುವವರಿದ್ದಾರೆ. ಓಡುವವರು ಮೊದಲೇ ಓಡಲಿ ಅನ್ನುವ ಪಕ್ಷ ನನ್ನದು. ಅಷ್ಟಾದ ಮೇಲೂ ಯಾರಾದರೂ ಕೇಳಿದರೆ ಸಿಟ್ಟಾಗಬೇಡಿ. ಹೀಗೆ ಬರೆಯಿರಿ: 'ನಿಮ್ಮ ವ್ಯವಹಾರ ಪೂರ್ತಿ ತಿಳಿಯದೆ ಸ್ಯಾಂಪಲ್ ಮಾಡಿದರೆ ಅದು ಬರೀ ಊಹೆ ಆಗುತ್ತದೆ, ನಿಮಗೂ ಉಪಯೋಗವಿಲ್ಲ. ನಿಮ್ಮಂಥದೇ ಒಂದು ಕೆಲಸ ಹೇಗೆ ಮಾಡಿದ್ದೆ ಅಂತ ಈ ಲಿಂಕ್‌ನಲ್ಲಿದೆ. ಚಿಕ್ಕದಾಗಿ ಶುರು ಮಾಡೋಣ ಅಂದರೆ, ಈಗಿರುವ ನಿಮ್ಮ ಸೈಟನ್ನು ಪರಿಶೀಲಿಸಿ ಎಲ್ಲಿ ತೊಂದರೆ ಇದೆ ಎಂದು ಎರಡು ಪುಟದ ವರದಿ ಕೊಡುತ್ತೇನೆ. ಅದಕ್ಕೆ ಇಷ್ಟು ಶುಲ್ಕ. ಮುಂದೆ ಪೂರ್ತಿ ಕೆಲಸ ಕೊಟ್ಟರೆ ಅದನ್ನು ಒಟ್ಟು ಮೊತ್ತದಲ್ಲಿ ಕಳೆಯುತ್ತೇನೆ.' ಹೀಗೆ ಬರೆದಾಗ ಕೆಲವರು ಉತ್ತರವೇ ಕೊಡುವುದಿಲ್ಲ. ಉತ್ತರ ಕೊಟ್ಟವರ ಜೊತೆ ಮಾತು ಮುಂದುವರಿಸಿ.